ಏಳು ಕಲ್ಲುಗಳ ವಯಸ್ಸು

ಲೀಡ್ಸ್
11 ಸೆಪ್ಟೆಂಬರ್ 1994

ರೋನಾ ಮಹಾರಾಣಿಗೆ,

ನಿನ್ನ ಕಾರ್ಡು ಬಂದು ಎಂಟು ದಿನವಾಯಿತು. ಬಂದರು, ದೋಣಿಗಳು, ಹಿಂದೆ ನಿಮ್ಮ ಮೀನುಗಾರಿಕೆ ಸಂಶೋಧನಾ ಕೇಂದ್ರ. ಒಂದು ಕಿಟಕಿಗೆ ಬಾಣ ಹಾಕಿ 'ನಾನು ಕೂರುವುದು ಇಲ್ಲಿ' ಎಂದು ಬರೆದಿದ್ದೀಯ. ಕಾರ್ಡನ್ನು ಗೋಡೆಗೆ ಮುಖ ಮಾಡಿಸಿ ಇಟ್ಟಿದ್ದೇನೆ. ಹೊಟ್ಟೆಕಿಚ್ಚು ಕಣೇ, ಬೇರೇನಲ್ಲ. ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಇದ್ದವಳ ಹತ್ತಿರ ಮುಚ್ಚಿಡುವುದೇನು.

ಇಬ್ಬರೂ ಒಂದೇ ದಿನ ಬಾಡಿಗೆ ಗೌನು ತೊಟ್ಟು ಪ್ರಾಣಿಶಾಸ್ತ್ರದ ಪದವಿ ತೆಗೆದುಕೊಂಡೆವು. ನೀನು ಮೀನಿನ ವಯಸ್ಸು ಓದುತ್ತೀಯ, ನಾನು ಆಸ್ಪತ್ರೆಯ ಲ್ಯಾಬುಗಳಿಗೆ ಕೈಗವಸು ಮಾರುತ್ತೇನೆ. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ 'ಜೀವವಿಜ್ಞಾನ ಸಲಹೆಗಾರ್ತಿ' ಎಂದಿದೆ. ಕೆಲಸದ ಜಾಹೀರಾತಿನಲ್ಲೂ ಹಾಗೇ ಇತ್ತು, ನಂಬಿಬಿಟ್ಟೆ. ಈಗ ಬೇರೆ ಕೆಲಸ ಹುಡುಕುವಾಗ ಮೋಸ ಹೋಗುವುದಿಲ್ಲ. 'ಉತ್ಸಾಹಿ', 'ಜನರೊಡನೆ ಬೆರೆಯುವ', 'ಸ್ವಂತ ಕಾರು' ಎಂದು ಎಲ್ಲಿದ್ದರೂ ಅದು ಸೇಲ್ಸೇ. ನಿಜವಾದ ವಿಜ್ಞಾನದ ಕೆಲಸಕ್ಕೆ ಮೂವತ್ತೊಂದು ಅರ್ಜಿ ಹಾಕಿದೆ. ಎಲ್ಲರದೂ ಒಂದೇ ರಾಗ, ಅನುಭವ ಇರುವವರು ಬೇಕು.

ನನಗೆ ಮಾರಲು ಬರುವುದಿಲ್ಲ ಎಂದಾದರೂ ಇದ್ದಿದ್ದರೆ ಚೆನ್ನಾಗಿತ್ತು. ತುಂಬಾ ಚೆನ್ನಾಗಿ ಬರುತ್ತದೆ, ಅದೇ ಭಯ. ಮೊನ್ನೆ ನಮ್ಮ ಮ್ಯಾನೇಜರ್, 'ನೀನು ಹುಟ್ಟಿದ್ದೇ ಇದಕ್ಕೆ ಕಣಮ್ಮಾ' ಅಂದರು. ಸಂಜೆ ಕಾರಿನಲ್ಲಿ ಕೂತು ಅತ್ತೆ.

ಫೋನು ಮಾಡು ಅಂತೀಯ. ಫೋನು ಎತ್ತಿದರೆ ನನ್ನ ಬಾಯಿಂದ ಮಾರಾಟದ ದನಿಯೇ ಬರುತ್ತದೆ. ಕಾಗದದಲ್ಲಿ ಮಾತ್ರ ಇನ್ನೂ ನಾನಿದ್ದೇನೆ. ನಿಮ್ಮಲ್ಲಿ ಜಾಗ ಖಾಲಿಯಾದರೆ, ನೆಲ ಒರೆಸುವುದಾದರೂ ಸರಿ, ತಿಳಿಸು.

ನಿನ್ನ ಮೇಲೆ ಕರುಬುತ್ತಿರುವ
ಡೆಲಿತ್


ಪೋರ್ಟ್ ಅರ್ಡಿ
2 ಅಕ್ಟೋಬರ್ 1994

ಪ್ರೀತಿಯ ಡೆಲಿತ್,

ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ಹತ್ತಿರ ಬಂದರೆ ಇಲ್ಲಿ ಮೂಗು ಬಿಡಲಾಗದ ಮೀನಿನ ವಾಸನೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವತ್ತೂ ಖಾಲಿ.

ಕೆಲಸ ಅಂದರೆ ಇಷ್ಟೇ. ಮೀನಿನ ತಲೆಯೊಳಗೆ ಕಿವಿಯ ಹತ್ತಿರ ಎರಡು ಪುಟ್ಟ ಕಲ್ಲಿರುತ್ತವೆ. ಅದನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗೆ ಕಪ್ಪು ಉಂಗುರಗಳು ಕಾಣುತ್ತವೆ. ಒಂದು ಚಳಿಗಾಲಕ್ಕೆ ಒಂದು ಉಂಗುರ. ಎಣಿಸಿ ಬರೆಯುವುದು. ಒಂದೇ ಕಲ್ಲನ್ನು ನಾನೊಮ್ಮೆ ಓದಬೇಕು, ಎದುರು ಮೇಜಿನ ಮಿಸ್ಟರ್ ಲೀಸ್ಕ್ ಒಮ್ಮೆ ಓದಬೇಕು. ಅವರು ಮೂವತ್ತೆಂಟು ವರ್ಷದಿಂದ ಹ್ಯಾಡಕ್ ಮೀನನ್ನೇ ಓದುತ್ತಿದ್ದಾರೆ. ಇಡೀ ದಿನ ಆಡುವ ಮಾತು ಎರಡು, 'ಚಹಾ' ಮತ್ತು 'ಮಳೆ'. ಇದಕ್ಕೆ ಕರುಬುತ್ತೀಯಾ?

ನಿನಗೆ ಕಾರಿದೆ. ಊರೂರು ಸುತ್ತುತ್ತೀಯ, ನೀನು ಬಾಗಿಲಲ್ಲಿ ನಿಂತರೆ ಜನ ನಗುತ್ತಾರೆ. ಹೋದ ಕ್ರಿಸ್‌ಮಸ್‌ಗೆ ನೀನಿಲ್ಲಿಗೆ ಬಂದಿದ್ದಾಗ ನನ್ನ ಮನೆಯೊಡತಿ ನಿನ್ನೊಡನೆ ಒಂದು ಗಂಟೆ ಹರಟಿದಳು. ನನ್ನೊಡನೆ ಎರಡು ವರ್ಷದಲ್ಲಿ ಅಷ್ಟು ಮಾತಾಡಿಲ್ಲ.

ಇಲ್ಲಿ ಸದ್ಯಕ್ಕೆ ಯಾವ ಜಾಗವೂ ಖಾಲಿಯಿಲ್ಲ. ಇದ್ದರೆ ಹೇಳದೆ ಇರುತ್ತೇನೆಯೇ.

ನಿನ್ನ
ರೋನಾ


ಲೀಡ್ಸ್
20 ನವೆಂಬರ್ 1994

ರೋನಾ,

ಒಂದು ತಮಾಷೆ ಕೇಳು. ಗುರುವಾರ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕಾಯುತ್ತಾ ಕೂತಿದ್ದೆ. ಮೇಜಿನ ಮೇಲೆ ವಿಜ್ಞಾನದ ವಾರಪತ್ರಿಕೆ, ಮೂರು ವಾರ ಹಳೆಯದು. ಹಿಂದಿನ ಪುಟ ತಿರುವಿದರೆ ಪೋರ್ಟ್ ಅರ್ಡಿ ಎಂಬ ಹೆಸರು. 'ನಿವೃತ್ತರಾಗುತ್ತಿರುವವರ ಜಾಗಕ್ಕೆ ಮೀನಿನ ವಯಸ್ಸು ಓದುವವರು ಬೇಕು, ತರಬೇತಿ ನಾವೇ ಕೊಡುತ್ತೇವೆ.' ಅಷ್ಟರಲ್ಲಿ ಲ್ಯಾಬಿನ ಯಜಮಾನಿ ಬಂದು, 'ಕೈಗವಸು ಡಬ್ಬಕ್ಕೆ ಎಷ್ಟಾಯ್ತು ಈಗ?' ಅಂತ ಕೇಳಿದಳು. ನಾನು, 'ಈ ಪುಟ ಹರ್ಕೊಳ್ಲಾ?' ಅಂದೆ.

ಕೊನೆಯ ದಿನ ಮೂವತ್ತು. ಅರ್ಜಿ ನಿನ್ನೆಯೇ ಅಂಚೆಗೆ ಹಾಕಿದೆ. ನಿನಗೆ ಗೊತ್ತಿರಲಿಲ್ಲವಾ? ಎದುರು ಮೇಜಿನ ಮುದುಕರು ನಿವೃತ್ತರಾಗುವುದು ಗೊತ್ತಾಗದಷ್ಟು ತಲೆ ತಗ್ಗಿಸಿ ಕೂತಿರುತ್ತೀಯೇನು? ಇರಬಹುದು, ಪರೀಕ್ಷೆಗೆ ಓದುವಾಗಲೂ ನೀನು ಹಾಗೇ. ಬೆಂಕಿ ಗಂಟೆ ಹೊಡೆದರೂ ಏಳುತ್ತಿರಲಿಲ್ಲ.

ಮೊದಲ ಸಲ ಒಂದು ಕೆಲಸದ ಅರ್ಜಿಯನ್ನು ಮೂರು ಸಲ ತಿದ್ದಿ ಬರೆದೆ. ಇಲ್ಲಿ ಏನನ್ನೂ ಹೊಗಳಬೇಕಿಲ್ಲ, ಯಾರನ್ನೂ ಒಪ್ಪಿಸಬೇಕಿಲ್ಲ, ನೋಡಿ ಹೇಳಿದರೆ ಸಾಕು. ಇದು ಸಿಗದಿದ್ದರೆ ನಾನು ಇಲ್ಲೇ ಮುದುಕಿಯಾಗುತ್ತೇನೆ. ಏನು ಓದಿಕೊಂಡು ಬರಲಿ, ಹೇಳಿಕೊಡು.

ಡೆಲಿತ್


ಪೋರ್ಟ್ ಅರ್ಡಿ
1 ಡಿಸೆಂಬರ್ 1994

ಪ್ರೀತಿಯ ಡೆಲಿತ್,

ಗೊತ್ತಿತ್ತು. ಆದರೆ ಸಂಬಳ ನಿನ್ನದರ ಅರ್ಧವೂ ಇಲ್ಲ, ಕಾರು ಬಿಟ್ಟು ಇಲ್ಲಿಗೆ ಬಂದು ಏನು ಮಾಡುತ್ತೀಯ ಅಂದುಕೊಂಡೆ. ನಿನ್ನ ಒಳ್ಳೆಯದಕ್ಕೇ.

ಇಲ್ಲಿ ಪ್ರಶ್ನೆ ಕೇಳುವ ಇಂಟರ್‌ವ್ಯೂ ಇರುವುದಿಲ್ಲ. ಒಂದು ತಟ್ಟೆಯಲ್ಲಿ ಇಪ್ಪತ್ತು ಕಲ್ಲು ಕೊಡುತ್ತಾರೆ, ಮೂರು ಗಂಟೆ ಸಮಯ. ಓದಿದ ವಯಸ್ಸನ್ನು ಹಾಳೆಯಲ್ಲಿ ಬರೆಯಬೇಕು. ಹಾಳೆಯ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಕೇಂದ್ರದವರು ಮೊದಲೇ ಓದಿಟ್ಟ ಉತ್ತರದೊಡನೆ ಹೋಲಿಸುತ್ತಾರೆ. ತಿದ್ದುವುದು ನಾನಲ್ಲ, ಅದರ ಯೋಚನೆ ಬೇಡ.

ಒಂದು ಮಾತು. ನಡುವಿನ ಚುಕ್ಕೆಯ ಪಕ್ಕದಲ್ಲೇ ಕೆಲವು ಕಲ್ಲುಗಳಲ್ಲಿ ಒಂದು ತೆಳು ಉಂಗುರ ಇರುತ್ತದೆ. ಹೊಸಬರು ಅದನ್ನು ಬಿಟ್ಟುಬಿಡುತ್ತಾರೆ. ಅದನ್ನೂ ಎಣಿಸು, ಅದೇ ಮೊದಲ ವರ್ಷ. ನಾನು ಎರಡು ವರ್ಷದಿಂದ ಹಾಗೇ ಎಣಿಸುತ್ತಿದ್ದೇನೆ.

ರೋನಾ


ಲೀಡ್ಸ್
15 ಜನವರಿ 1995

ರೋನಾ,

ನಿನಗೆ ನೆಗಡಿ ಬರಲು ಆ ಒಂದು ದಿನವೇ ಬೇಕಿತ್ತೇ? ಅಷ್ಟು ದೂರ ಬಂದವಳು ನಿನ್ನ ಖಾಲಿ ಕುರ್ಚಿಯನ್ನು ನೋಡಿ ವಾಪಸಾದೆ. ಮನೆಗೆ ಬಂದರೆ ಮನೆಯೊಡತಿ ಬಾಗಿಲಲ್ಲೇ, 'ಅಂಟುಜ್ವರ ಅಂತೆ, ಒಳಗೆ ಬಿಡ್ಬೇಡಿ ಅಂದಿದಾಳೆ' ಅಂದಳು. ಈಗ ಹೇಗಿದ್ದೀಯ?

ಪರೀಕ್ಷೆಗೆ ನಾವು ಆರು ಜನ ಇದ್ದೆವು. ಮಿಸ್ಟರ್ ಲೀಸ್ಕ್ ಒಬ್ಬೊಬ್ಬರಿಗೂ ಚಹಾ, ಬೆಣ್ಣೆ ಜಿನುಗುವ ರೋವಿ ಬನ್ನು ತಂದುಕೊಟ್ಟರು. ಎರಡೇ ಮಾತಾಡುತ್ತಾರೆ ಅಂದಿದ್ದೆಯಲ್ಲ, ನನ್ನ ಹತ್ತಿರ ಬೇಕಾದಷ್ಟು ಮಾತಾಡಿದರು. 'ತಿನ್ನಮ್ಮಾ, ಹಸ್ಕೊಂಡು ಓದಿದ್ರೆ ಮೀನಿಗೆ ವಯಸ್ಸು ಜಾಸ್ತಿ ಆಗತ್ತೆ,' ಅಂದರು. ಕಣ್ಣಿಗೆ ಪೊರೆ ಬಂದಿದೆಯಂತೆ. 'ಹೋಗ್ತೀನಿ ಅಂತ ಆಗಸ್ಟಲ್ಲೇ ಎಲ್ರಿಗೂ ಹೇಳ್ಬಿಟ್ಟೆ. ಕಾಣ್ದೇ ಇರೋನು ಕೂತು ಏನ್ಮಾಡ್ಲಿ' ಅಂದರು. ಆಗಸ್ಟಂತೆ. ಜಾಗ ಖಾಲಿಯಿಲ್ಲ ಎಂದು ನೀನು ಬರೆದದ್ದು ಅಕ್ಟೋಬರಿನಲ್ಲಿ. ಇರಲಿ ಬಿಡು.

ಆ ಮೂರು ಗಂಟೆ ಇದೆಯಲ್ಲ, ಅದನ್ನು ನಿನಗೆ ಹೇಗೆ ಹೇಳಲಿ? ಒಂದೂವರೆ ವರ್ಷದಲ್ಲಿ ಮೊದಲ ಸಲ ಯಾರೂ ನನ್ನನ್ನು ಬೆಲೆ ಕೇಳಲಿಲ್ಲ. ಒಂದೊಂದು ಕಲ್ಲಿನೊಳಗೂ ಒಂದು ಮೀನು ಬದುಕಿದ್ದೆಲ್ಲ ಬರೆದಿಟ್ಟಂತಿತ್ತು. ಬನ್ನು ಅರ್ಧ ತಿಂದದ್ದು ಹಾಗೇ ಉಳಿದಿತ್ತು. ನೀನು ದಿನಾ ಇದನ್ನು ನೋಡಿ ವಾಸನೆಯ ಬಗ್ಗೆ ದೂರುತ್ತೀಯಲ್ಲೇ, ಪಾಪಿ. ನಿನ್ನ ಕುರ್ಚಿಯನ್ನು ನೋಡಿ ನನಗೆ ಎಷ್ಟು ಉರಿಯಿತು ಎಂದರೆ ಒಂದು ಗಳಿಗೆ ನಿನ್ನ ನೆಗಡಿ ಗುಣವಾಗದಿರಲಿ ಎಂದುಕೊಂಡೆ. ಕ್ಷಮಿಸು.

ಒಂದು ಕಡೆ ನಿನ್ನ ಮಾತು ಮೀರಿದ್ದೇನೆ. ಏಳು ಕಲ್ಲುಗಳಲ್ಲಿ ಆ ತೆಳು ಉಂಗುರ ಇತ್ತು. ಪೆನ್ಸಿಲ್ ಹಿಡಿದು ಇಪ್ಪತ್ತು ನಿಮಿಷ ಕೂತೆ. ಹ್ಯಾಡಕ್ ಮರಿ ಹುಟ್ಟಿದ ಕೆಲವು ತಿಂಗಳು ಮೇಲಿನ ನೀರಿನಲ್ಲಿ ತೇಲಿಕೊಂಡಿದ್ದು, ಆಮೇಲೆ ತಳಕ್ಕೆ ಇಳಿಯುತ್ತದೆ. ನೀರು ಬೇರೆ, ಊಟ ಬೇರೆ. ಆ ಬದಲಾವಣೆಯೇ ಗೆರೆಯಾಗಿ ಉಳಿದಿರಬಾರದೇಕೆ? ಅದು ಚಳಿಗಾಲದ ಗುರುತಲ್ಲ ಅನ್ನಿಸಿತು. ಎಣಿಸಲಿಲ್ಲ. ಎಣಿಸು ಎಂದು ನೀನು ಹೇಳಿದ್ದೆ, ಆದರೆ ಕಂಡದ್ದನ್ನು ಬಿಟ್ಟು ಬೇರೆ ಬರೆಯುವುದಾದರೆ ಕೈಗವಸು ಮಾರುವುದೇ ವಾಸಿ.

ಡೆಲಿತ್


ಪೋರ್ಟ್ ಅರ್ಡಿ
3 ಫೆಬ್ರವರಿ 1995

ಪ್ರೀತಿಯ ಡೆಲಿತ್,

ಕೇಂದ್ರದ ಕಾಗದ ನಿನಗೆ ಬಂದಿರಬಹುದು. ಪ್ಲಿಮತ್‌ನಿಂದ ಬಂದಿದ್ದ ಒಬ್ಬನನ್ನು ತೆಗೆದುಕೊಂಡರು. ನಿನ್ನ ಹಾಳೆಯಲ್ಲಿ ಏಳು ಕಲ್ಲಿನ ಲೆಕ್ಕ ಒಂದೊಂದು ವರ್ಷ ಕಡಿಮೆ ಇತ್ತಂತೆ. ಉಳಿದ ಹದಿಮೂರು ಸರಿಯಿದ್ದವು. ಹೊಸಬರಿಗೆ ಅದು ಕಡಿಮೆಯೇನಲ್ಲ. ಮಿಸ್ಟರ್ ಲೀಸ್ಕ್ ಬೇಜಾರು ಮಾಡಿಕೊಂಡರು.

ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನಂಥ ಮಾತುಗಾರ್ತಿ ಇಲ್ಲಿ ತುಕ್ಕು ಹಿಡಿದು ಹೋಗುತ್ತಿದ್ದಳು. ಜನರನ್ನು ಒಲಿಸಿಕೊಳ್ಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ, ನನಗಂತೂ ಬರುವುದಿಲ್ಲ.

ನೆಗಡಿ ಗುಣವಾಗಿದೆ.

ರೋನಾ


ಲೀಡ್ಸ್
19 ಮಾರ್ಚ್ 1995

ರೋನಾ,

ಆರು ವಾರ ಬರೆಯಲಿಲ್ಲ. ನಿನ್ನ ಮೇಲೆ ಕೋಪವಿತ್ತು ಎಂದುಕೊಂಡೆಯಾ? ಇರಲಿಲ್ಲ. ನನ್ನ ಮೇಲೆ ನಾಚಿಕೆಯಾಗಿತ್ತು.

ಎರಡು ವರ್ಷ ದಿನವಿಡೀ ಅದನ್ನೇ ಮಾಡಿದವಳು ಸ್ಪಷ್ಟವಾಗಿ ಹೀಗೆ ಎಣಿಸು ಎಂದು ಬರೆದುಕೊಟ್ಟಿದ್ದಳು. ಮೂರು ಗಂಟೆ ನೋಡಿದವಳು ಅವಳಿಗಿಂತ ಹೆಚ್ಚು ಬಲ್ಲೆ ಎಂದು ಮೆರೆದಳು. ನೀನು ಹೇಳಿಕೊಟ್ಟ ಉತ್ತರವನ್ನೇ ಬರೆಯಲಾಗದವಳಿಗೆ ಕೆಲಸ ಯಾಕೆ ಕೊಡಬೇಕು? ನನ್ನ ಕಣ್ಣು ಚೆನ್ನಾಗಿದೆ ಎಂದು ಇಷ್ಟು ದಿನ ನಂಬಿದ್ದೆ. ಬೇರೆ ಏನಿಲ್ಲದಿದ್ದರೂ ಅದೊಂದು ಇದೆ, ಅದಕ್ಕೆ ತಕ್ಕ ಕೆಲಸ ಎಲ್ಲೋ ಕಾದಿದೆ ಅಂದುಕೊಂಡಿದ್ದೆ. ಅದೇ ಇಲ್ಲ ಎಂದು ಗೊತ್ತಾದ ಮೇಲೆ ಹುಡುಕುವುದು ಏನನ್ನು?

ಹಾಗಾಗಿ ಹುಡುಕುವುದನ್ನು ಬಿಟ್ಟೆ. ನಮ್ಮ ಮ್ಯಾನೇಜರ್ ಬಡ್ತಿ ಕೊಡುತ್ತಿದ್ದಾರೆ, ಉತ್ತರ ಭಾಗಕ್ಕೆಲ್ಲ ನಾನೇ ಮುಖ್ಯಸ್ಥೆ, ಕೈಕೆಳಗೆ ಒಂಬತ್ತು ಜನ. ಮೂರು ವರ್ಷ ಬಿಡುವುದಿಲ್ಲ ಎಂದು ಮೇ ಒಂದರಂದು ಸಹಿ ಹಾಕಬೇಕು. ನನ್ನ ಸೂಕ್ಷ್ಮದರ್ಶಕವನ್ನು, ಅಪ್ಪ ಹದಿನೆಂಟನೇ ಹುಟ್ಟುಹಬ್ಬಕ್ಕೆ ಕೊಡಿಸಿದ್ದನ್ನು, ದಾನದ ಅಂಗಡಿಗೆ ಕೊಟ್ಟುಬಂದೆ. ಅಲ್ಲಿಯ ಅಜ್ಜಿ, 'ಕೆಟ್ಟಿದೆಯೇನಮ್ಮಾ?' ಅಂದಳು. 'ಇಲ್ಲ, ನಂದೇ ಕಣ್ಣು ಸರಿಯಿಲ್ಲ' ಅಂದೆ.

ನಿನ್ನ ಮೇಲಿನ ಹೊಟ್ಟೆಕಿಚ್ಚು ಮಾತ್ರ ಹಾಗೇ ಇದೆ. ಈಗ ಇನ್ನೂ ಜಾಸ್ತಿ. ಮುಂಚೆ ನನ್ನ ಜಾಗದಲ್ಲಿ ನೀನು ಕೂತಿದ್ದೀಯ ಅನ್ನಿಸುತ್ತಿತ್ತು, ಈಗ ಅದು ನಿನ್ನದೇ ಜಾಗ ಎಂದು ಗೊತ್ತಾಗಿದೆ. ನಿಜ ಹೇಳಿದ್ದಕ್ಕೆ ಉಪಕಾರವಾಯಿತು. ಬೇರೆಯವರಾಗಿದ್ದರೆ ಬೆಣ್ಣೆ ಹಚ್ಚುತ್ತಿದ್ದರು.

ಡೆಲಿತ್


ಪೋರ್ಟ್ ಅರ್ಡಿ
24 ಏಪ್ರಿಲ್ 1995

ಡೆಲಿತ್,

ಸಹಿ ಹಾಕಬೇಡ. ಮೊದಲು ಇದನ್ನು ಪೂರ್ತಿ ಓದು.

ನಿನ್ನ ಹಾಳೆಯನ್ನು ತಿದ್ದಿದ್ದು ನಾನೇ. ಮಿಸ್ಟರ್ ಲೀಸ್ಕ್ ಅವರಿಗೆ ಅಕ್ಷರ ಕಾಣುವುದಿಲ್ಲ, ಆರು ಹಾಳೆಗಳನ್ನೂ ನನ್ನ ಮೇಜಿನ ಮೇಲಿಟ್ಟರು. ಹೋಲಿಸಬೇಕಾದ ಉತ್ತರವೂ ನಾನೇ ಓದಿಟ್ಟದ್ದು. ನಂಬರಿದ್ದರೇನು, ಏಳರ ಅಂಕಿಗೆ ಸೊಂಟದಲ್ಲಿ ಅಡ್ಡಗೆರೆ ಹಾಕುವವಳು ನಮ್ಮ ತರಗತಿಯಲ್ಲೇ ನೀನೊಬ್ಬಳು. ನೋಡಿದ ಕೂಡಲೇ ಗೊತ್ತಾಯಿತು.

ನೀನು ಬಿಟ್ಟಿದ್ದ ಏಳು ಕಲ್ಲುಗಳನ್ನು ಮತ್ತೆ ಇಟ್ಟು ನೋಡಿದೆ. ನಿನ್ನ ಕಾಗದದಲ್ಲಿದ್ದ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ನಮ್ಮ ಶೀತಪೆಟ್ಟಿಗೆಯಲ್ಲಿ ಹೋದ ಅಕ್ಟೋಬರಿನಲ್ಲಿ ಹಿಡಿದ ಹ್ಯಾಡಕ್ ಮರಿಗಳಿದ್ದವು. ಅದೇ ವರ್ಷ ಹುಟ್ಟಿ, ಒಂದು ಚಳಿಗಾಲವನ್ನೂ ಕಾಣದೆ ಬಲೆಗೆ ಬಿದ್ದ ಗೇಣುದ್ದದ ಮರಿಗಳು. ಎಂಟನ್ನು ತೆಗೆದು ತಲೆ ಸೀಳಿ ಕಲ್ಲು ನೋಡಿದೆ. ಒಂದರಲ್ಲೂ ಉಂಗುರ ಇರಬಾರದು. ಐದರಲ್ಲಿ ಇತ್ತು. ನೀನು ಹೇಳಿದ್ದೇ ಸರಿ. ಎರಡು ವರ್ಷದಿಂದ ನಾನು ಸಾವಿರಾರು ಮೀನಿಗೆ ಇಲ್ಲದ ವಯಸ್ಸನ್ನು ಬರೆದಿದ್ದೇನೆ. ಎರಡನೇ ಓದುಗ ಹಿಡಿಯಬೇಕಿತ್ತು. ಲೀಸ್ಕ್ ನಾನು ಬಂದಾಗಿನಿಂದಲೂ ಕಲ್ಲು ನೋಡದೆ ನನ್ನ ಲೆಕ್ಕವನ್ನೇ ಬರೆದು ಸಹಿ ಹಾಕುತ್ತಿದ್ದರು. 'ನಿನ್ನ ಕಣ್ಣು ಎಳೇದು, ನಂಗೆ ನಂಬಿಕೆ' ಅನ್ನುತ್ತಿದ್ದರು. ನನಗೂ ಹಿತವಾಗಿತ್ತು.

ಇದೆಲ್ಲ ಗೊತ್ತಾಗಿದ್ದು ಜನವರಿ ಇಪ್ಪತ್ತರಂದು, ಹಾಳೆಗೆ ಗುರುತು ಹಾಕುವ ಮೊದಲೇ. ನಿನಗೆ ಕಾಗದ ಬರೆದದ್ದು ಫೆಬ್ರವರಿ ಮೂರರಂದು. ಗೊತ್ತಿದ್ದೂ ಬರೆದೆ. ಏಳು ಕಲ್ಲಿನ ಪಕ್ಕದಲ್ಲಿ 'ಒಂದು ಕಡಿಮೆ' ಎಂದು ಕೆಂಪು ಪೆನ್ಸಿಲ್‌ನಲ್ಲಿ ಗುರುತು ಮಾಡಿದ್ದೂ ಗೊತ್ತಿದ್ದೇ.

ಯಾಕೆ ಅಂತೀಯಾ? ನಿನಗೆ ನಿನ್ನ ಹೊಟ್ಟೆಕಿಚ್ಚು ದೊಡ್ಡದಾಗಿ ಕಂಡಿದೆ, ಯಾಕೆಂದರೆ ನೀನು ಅದನ್ನು ಬಾಯಿಬಿಟ್ಟು ಹೇಳುತ್ತೀಯ. ನನ್ನದು ಮೊದಲ ವರ್ಷದಿಂದ ಇದೆ, ಒಂದು ದಿನವೂ ಹೇಳಿಲ್ಲ. ಪ್ರಯೋಗದ ತರಗತಿಯಲ್ಲಿ ನಾನು ಹತ್ತು ಸಲ ನೋಡಿದರೂ ಕಾಣದ್ದನ್ನು ನೀನು ಬಗ್ಗಿ ಒಮ್ಮೆ ನೋಡಿ, 'ಅಗೋ ಅಲ್ಲಿ' ಅನ್ನುತ್ತಿದ್ದೆ. ನಾಲ್ಕು ವರ್ಷ ನೀನು ತೋರಿಸಿದ ಕಡೆ ನೋಡಿ ಪಾಸಾದವಳು ನಾನು. ನೀನಿಲ್ಲದ ಒಂದು ಜಾಗ ಸಿಕ್ಕಿತ್ತು. ಅಲ್ಲಿ ಕಾಣುವವಳು ನಾನೊಬ್ಬಳೇ ಆಗಿದ್ದೆ. ನೀನು ಎದುರು ಮೇಜಿಗೆ ಬಂದು ಕೂತರೆ ವಾರದೊಳಗೆ ಎಲ್ಲರಿಗೂ ತಿಳಿಯುತ್ತಿತ್ತು. ಆಗಸ್ಟಿನಲ್ಲೂ ಅದಕ್ಕೇ ಬಾಯಿ ಮುಚ್ಚಿಕೊಂಡೆ. ಜನವರಿಯಲ್ಲಿ ನೆಗಡಿ ಇರಲಿಲ್ಲ, ಪರದೆಯ ಹಿಂದೆ ನಿಂತು ನೀನು ರಸ್ತೆ ದಾಟುವುದನ್ನು ನೋಡಿದೆ.

ನೀನು ಬೈದಿದ್ದರೆ ಇದನ್ನೆಲ್ಲ ಬರೆಯುತ್ತಿರಲಿಲ್ಲ. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ನೀನು ನನ್ನನ್ನು ನಂಬಿ ನಿನ್ನ ಕಣ್ಣನ್ನೇ ದಾನದ ಅಂಗಡಿಗೆ ಕೊಟ್ಟುಬಂದೆ. ಅದನ್ನು ಹೊತ್ತುಕೊಂಡು ಐದು ವಾರ ಕಲ್ಲೆಣಿಸಿದೆ, ಇನ್ನು ಆಗಲಿಲ್ಲ.

ಈ ಬೆಳಿಗ್ಗೆ ನಮ್ಮ ಮುಖ್ಯಸ್ಥೆ ಡಾ. ಇಮ್ರಿ ಅವರಿಗೆ ಎಲ್ಲ ಹೇಳಿದೆ, ಉಂಗುರದ ವಿಷಯ, ನಿನ್ನ ಹಾಳೆಯ ವಿಷಯ ಎರಡೂ. ಕಡತದಿಂದ ನಿನ್ನ ಹಾಳೆ ತೆಗೆದು, 'ಆ ಹುಡುಗಿ ವಿಳಾಸ ಕೊಟ್ಟು ಹೋಗು' ಅಂದರು. ನನ್ನದೇನಾಗುತ್ತದೋ ತಿಳಿಯದು. ನಿನಗೆ ಏನು ಬರೆಯುತ್ತಾರೋ ಅದೂ ತಿಳಿಯದು. ನಿನ್ನ ಕಣ್ಣು ಸರಿಯಾಗಿದೆ. ಅದು ಕೆಟ್ಟಿದೆ ಎಂದು ನಿನ್ನನ್ನು ನಂಬಿಸಿದ್ದು ನಾನು.

ರೋನಾ


ಲೀಡ್ಸ್
4 ಜೂನ್ 1995

ರೋನಾ,

ನಿನ್ನ ಕಾಗದ ಏಪ್ರಿಲ್ ಇಪ್ಪತ್ತೇಳಕ್ಕೆ ಸಿಕ್ಕಿತು. ಮೆಟ್ಟಿಲ ಮೇಲೆ ನಿಂತೇ ಓದಿದೆ. ಮೊದಲು ಕೋಪ ಬರಲಿಲ್ಲ. ಏಳಕ್ಕೆ ಏಳೂ ಸರಿ ಅನ್ನುವುದೊಂದೇ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು, ಹತ್ತು ನಿಮಿಷ ಹುಚ್ಚಿಯ ಹಾಗೆ ನಕ್ಕೆ. ಕೋಪ ಬಂದಿದ್ದು ಪಾತ್ರೆ ತೊಳೆಯುವಾಗ. ಎರಡು ಬಟ್ಟಲು ಒಡೆದೆ.

ಡಾ. ಇಮ್ರಿ ಮೇ ಮೂರನೇ ವಾರದಲ್ಲಿ ಬರೆದರು. ಎರಡು ವರ್ಷದ ಕಲ್ಲುಗಳನ್ನೆಲ್ಲ ಮೊದಲಿನಿಂದ ಓದಬೇಕಂತೆ, ಅದಕ್ಕೆ ಹದಿನೆಂಟು ತಿಂಗಳ ಕೆಲಸ, ಆಮೇಲೆ ಖಾಯಂ ಆಗಲೂಬಹುದು, ಆಗದೆಯೂ ಇರಬಹುದು. ನೀನು ಸದ್ಯಕ್ಕೆ ದೋಣಿಯ ಮೇಲೆ ಮೀನು ಅಳೆಯುವ ಕೆಲಸಕ್ಕೆ ಹೋಗುತ್ತೀಯ ಎಂದೂ ಬರೆದಿದ್ದಾರೆ. ಒಪ್ಪಿಕೊಂಡೆ. ಸಹಿ ಹಾಕದಿದ್ದಕ್ಕೆ ನಮ್ಮ ಮ್ಯಾನೇಜರ್, 'ಹುಟ್ಟುಗುಣ ಬಿಟ್ಟು ಹೋಗ್ತಾ ಇದೀಯ, ನೋಡ್ಕೋ' ಅಂದರು. ಅಮ್ಮ ವೇಲ್ಸ್‌ನಿಂದ ಫೋನು ಮಾಡಿ, 'ಅಷ್ಟು ಒಳ್ಳೆ ಕಾರು ವಾಪಸ್ ಕೊಟ್ಟು ಕಲ್ಲು ಎಣಿಸೋಕೆ ಹೋಗ್ತೀಯಲ್ಲೇ, ನಿನಗೇನು ತಲೆ ಕೆಟ್ಟಿದೆಯಾ?' ಅಂತ ಕೇಳಿದಳು. 'ಹೌದಮ್ಮಾ' ಅಂದೆ. ಆ ದನಿ ನನ್ನದೇ ಆಗಿತ್ತು.

ನಿನ್ನ ಮನೆಯ ಹಿಂದಿನ ಕೋಣೆಯಲ್ಲಿ ಇರು ಎಂದು ನೀನು ಕೇಳಬಹುದು. ಕೇಳಬೇಡ. ನಿನ್ನ ರಸ್ತೆಯಲ್ಲಲ್ಲ, ಚರ್ಚಿನ ಹಿಂದೆ ಒಂದು ಕೋಣೆ ನೋಡಿಕೊಂಡಿದ್ದೇನೆ. ರೈಲುನಿಲ್ದಾಣಕ್ಕೂ ಬರಬೇಡ. ನೀನು ಆ ಕಾಗದ ಬರೆಯದೆ ಸುಮ್ಮನಿರಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅದು ನನಗೆ ಗೊತ್ತಿದೆ. ಎಂದಾದರೊಂದು ದಿನ ಅದು ಸಾಕು ಅನ್ನಿಸಬಹುದು, ಈಗ ಅನ್ನಿಸುತ್ತಿಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ನಿನ್ನ ಮೇಲಿದ್ದ ಹೊಟ್ಟೆಕಿಚ್ಚು ಹೋಗಿಬಿಟ್ಟಿದೆ. ಹುಡುಕಿ ನೋಡಿದೆ, ಚೂರೂ ಇಲ್ಲ. ಎರಡು ವರ್ಷ ಭಾನುವಾರ ಬಂದರೆ ಅದೇ ನನ್ನನ್ನು ಎಳೆದು ತಂದು ಮೇಜಿನ ಮುಂದೆ ಕೂರಿಸಿ, ನಿನಗೆ ಕಾಗದ ಬರೆಸುತ್ತಿತ್ತು. ಪ್ರೀತಿ ಅಂದುಕೊಂಡಿದ್ದೆ. ಇವತ್ತು ಈ ಒಂದು ಹಾಳೆ ತುಂಬಿಸಲು ನನಗೆ ಬೆಳಿಗ್ಗೆಯಿಂದ ಸಂಜೆಯಾಯಿತು.

ಡೆಲಿತ್ ಪ್ರಾಬರ್ಟ್